ಇಲ್ವಂತಾ, ಕಾಣ್ತಿಲ್ವಂತಾ?

ಸೋಲೂರಿನಲ್ಲಿ ನಮ್ಮ ಚಿಕ್ಕಪ್ಪನದೊಂದು ದಿನಸಿ ಅಂಗಡಿ. ಸಾಲದ ಲೆಕ್ಕವೆಲ್ಲ ಒಂದು ಉದ್ದ ನೋಟ್‌ಬುಕ್ಕಿನಲ್ಲಿ. ಹೋದ ಮಳೆಗಾಲದಲ್ಲಿ ಶೀಟು ಸೋರಿ ಅದರ ನಾಲ್ಕು ಹಾಳೆ ಅಳಿಸಿಹೋಯ್ತು. ಆ ಹಾಳೆಯಲ್ಲಿದ್ದ ಹಳೇ ಗಿರಾಕಿಯೊಬ್ಬರು "ಕೊಟ್ಟಾಯ್ತಲ್ಲ" ಅಂದರು, ಚಿಕ್ಕಪ್ಪ "ಇಲ್ಲ" ಅಂದರು. ಅವತ್ತಿಂದ ಇಬ್ಬರಿಗೂ ಮಾತಿಲ್ಲ. ದಸರಾ ರಜೆಗೆ ಹೋದವನು "ಲೆಕ್ಕಕ್ಕೆ ನಾನೊಂದು ಆ್ಯಪ್ ಮಾಡಿಕೊಡ್ತೀನಿ" ಅಂತ ಜಂಬ ಕೊಚ್ಚಿಬಿಟ್ಟೆ.

ಜಾವಾ ಸ್ವಿಂಗ್‌ನಲ್ಲಿ ವಿಂಡೋ, ಬಟನ್ ಎಲ್ಲ ಎರಡು ದಿನಕ್ಕೆ ರೆಡಿ. ಲೆಕ್ಕ ಉಳಿಸಿಡೋಕೆ ಎಸ್‌ಕ್ಯೂಲೈಟ್. ಜಾವಾ ಅದರ ಜೊತೆ ಮಾತಾಡೋಕೆ ಮಧ್ಯೆ ಒಂದು ಜೆಡಿಬಿಸಿ ಡ್ರೈವರ್ ಬೇಕು. ಅದರ ಜಾರ್ ಫೈಲ್ ಸೇರಿಸಿ, ಕೋಡ್ ಬರೆದು, ಬಿಲ್ಡ್ ಕೊಟ್ಟೆ. ಎರರ್!

ಡ್ರೈವರ್ ಬರೋ ತನಕ ಎಲ್ಲ ಸರಿಯಿತ್ತು, ಹಾಗಾಗಿ ತಪ್ಪು ಅದರದ್ದೇ ಅಂತ ತೀರ್ಮಾನಿಸಿದೆ. ಮೂರು ವರ್ಷನ್ ಡೌನ್‌ಲೋಡ್ ಮಾಡಿದೆ. ಕ್ಲಾಸ್‌ಪಾತ್ ತೆಗೆದು ಹಾಕಿದೆ. ಜೆಡಿಕೆ ಅನ್ನೇ ಮತ್ತೆ ಇನ್‌ಸ್ಟಾಲ್ ಮಾಡಿದೆ. ರಾತ್ರಿ ಹನ್ನೊಂದಾದರೂ ಅದೇ ಕೆಂಪು ಸಾಲು.

ಚಿಕ್ಕಪ್ಪ ಬಾಗಿಲು ಹಾಕಿ ಬಂದು ಪಕ್ಕದಲ್ಲಿ ಕೂತರು. "ಏನ್ಲಾ ಬರ್ದೈತೆ ಅದ್ರಲ್ಲಿ?"

"ಜಾವಾ ಎಸ್‌ಕ್ಯೂಎಲ್ ಅನ್ನೋ ಪ್ಯಾಕೇಜು ಸಿಕ್ತಿಲ್ಲ ಅಂತೆ ಚಿಕ್ಕಪ್ಪ."

"ಇಲ್ವಂತಾ, ಕಾಣ್ತಿಲ್ವಂತಾ? ಎರಡೂ ಒಂದೇ ಅಲ್ಲ ಕಣ್ಲಾ."

ಮತ್ತೆ ನೋಡಿದೆ. "ನಾಟ್ ವಿಸಿಬಲ್" ಅಂತಿತ್ತು. ಅದರ ಕೆಳಗಿನ ಸಾಲನ್ನ ಅವರಿಗೋಸ್ಕರ ಒಂದೊಂದೇ ಪದವಾಗಿ ಕನ್ನಡಕ್ಕೆ ತಂದೆ: ಪ್ಯಾಕೇಜು ಇದೆ, ಅದೇ ಹೆಸರಿನ ಮಾಡ್ಯೂಲಿನಲ್ಲಿದೆ, ಆದರೆ ನಿನ್ನ ಮಾಡ್ಯೂಲ್ ಅದನ್ನ ಓದುತ್ತಿಲ್ಲ.

ಡ್ರೈವರ್ ಪಾಪ, ಏನೂ ಮಾಡಿರಲಿಲ್ಲ. ಜಾವಾ ಎಸ್‌ಕ್ಯೂಎಲ್ ಜೆಡಿಕೆ ಜೊತೆಗೇ ಬರುತ್ತೆ. ಆದರೆ 2017ರ ಜಾವಾ 9ರಿಂದ ಮಾಡ್ಯೂಲ್ ಪದ್ಧತಿ ಬಂದಿದೆ. ಪ್ರಾಜೆಕ್ಟಿನಲ್ಲಿ ಮಾಡ್ಯೂಲ್ ಇನ್ಫೋ ಫೈಲ್ ಇದ್ದರೆ, ಬೇಕಾದ ಮಾಡ್ಯೂಲ್‌ಗಳನ್ನ ಅದರಲ್ಲಿ ಹೇಳಿರಲೇಬೇಕು. ಪ್ರಾಜೆಕ್ಟ್ ಶುರು ಮಾಡುವಾಗ ಎಡಿಟರ್ ಕೇಳಿತ್ತು, ನಾನು ಓದದೆ "ಕ್ರಿಯೇಟ್" ಒತ್ತಿದ್ದೆ. ಸ್ವಿಂಗ್‌ಗೆ ಬೇಕಾದ ಸಾಲನ್ನೂ ಎಡಿಟರೇ ಹಾಕಿಕೊಟ್ಟಿತ್ತು, ಸಲಹೆ ಓದದೆ ಅದನ್ನೂ ಕ್ಲಿಕ್ ಮಾಡಿದ್ದೆ. ಫೈಲ್ ತೆರೆದು ಅದರ ಕೆಳಗೆ "ರಿಕ್ವೈರ್ಸ್ ಜಾವಾ ಡಾಟ್ ಎಸ್‌ಕ್ಯೂಎಲ್" ಅಂತ ಒಂದು ಸಾಲು, ಕೊನೆಗೊಂದು ಸೆಮಿಕೋಲನ್. ಬಿಲ್ಡ್ ಆಯ್ತು!

ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಮ್ಮಲ್ಲಿ ಓದಿದವನು ನಾನು. ಇಂಗ್ಲಿಷ್ ಬರುತ್ತೆ ಅನ್ನೋ ಧೈರ್ಯಕ್ಕೇ ಎರರ್ ಅನ್ನ ಪೂರ್ತಿ ಓದಿರಲಿಲ್ಲ. ಕನ್ನಡದಲ್ಲಿ ಹೇಳಬೇಕಾದರೆ ಒಂದು ಪದವನ್ನೂ ಹಾರಿಸೋಕಾಗಲ್ಲ. ಈಗ ಹಾಸ್ಟೆಲ್‌ನಲ್ಲೂ ಎರರ್ ಬಂದರೆ ಮೊದಲು ರೂಮ್‌ಮೇಟ್‌ಗೆ ಕನ್ನಡದಲ್ಲಿ ಹೇಳ್ತೀನಿ. ಅವನು ಬೈತಾನೆ, ಆದರೆ ಕೇಳ್ತಾನೆ.

ಮಾರನೇ ದಿನ ಆ್ಯಪ್‌ಗೆ ಮೊದಲ ಹೆಸರು ಸೇರಿಸಬೇಕಿತ್ತು. ಚಿಕ್ಕಪ್ಪ ಆ ಹಳೇ ಗಿರಾಕಿಯ ಹೆಸರು ಹೇಳಿದರು.

"ಬಾಕಿ ಎಷ್ಟು ಹಾಕ್ಲಿ?" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಸೊನ್ನೆ ಹಾಕು. ಹೊಸ ಪುಸ್ತಕ ಅಲ್ವಾ" ಅಂದರು.