ಕೈದಿಗಳ ಹಾಜರಿ

ಈಗ ಚಿದ್ರಿ ಅಂದರೆ ನಿಮಗೆಲ್ಲ ವಿಮಾನ ನಿಲ್ದಾಣ. 2020ರ ಫೆಬ್ರುವರಿಯಲ್ಲಿ ಬೆಂಗಳೂರಿಗೆ ವಿಮಾನ ಶುರುವಾದ ಮೇಲೆ ನಮ್ಮೂರಿನ ಹೆಸರು ಟಿಕೆಟ್ ತೆಗೆಸುವವರ ಬಾಯಿಗೂ ಬಂತು. ವಾಯುಪಡೆಯ ಸೂರ್ಯಕಿರಣ ತಂಡದ ವಿಮಾನಗಳು ತಲೆಯ ಮೇಲೆ ಪಲ್ಟಿ ಹೊಡೆದರೂ ಇಲ್ಲಿನ ಹುಡುಗರು ಮೊಬೈಲಿನಿಂದ ಕಣ್ಣೆತ್ತುವುದಿಲ್ಲ. ನಾನು ಚಿಕ್ಕವನಿದ್ದಾಗ ಚಿದ್ರಿ ಬೀದರಿನ ಹೊರಗಿನ ಹಳ್ಳಿ. ಕೆಂಪು ಮಣ್ಣು, ಹೆಸರು ಉದ್ದಿನ ಹೊಲ, ಕೆಂಪು ಕಲ್ಲಿನ ಗೋಡೆಯ ಮಾಳಿಗೆ ಮನೆಗಳು, ಆಚೆಗೆ ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1942ರಲ್ಲಿ ಮಾಡಿದ ವಿಮಾನದ ಬಯಲು. ನಮ್ಮ ಮುತ್ಯಾ ಅದಕ್ಕೆ ಕಡೇತನಕ ‘ಹವಾಯಿ ಮೈದಾನ’ ಅಂತಲೇ ಅಂದರು.

1948ರ ಮಳೆಗಾಲದಲ್ಲಿ ರಾತ್ರಿ ಹೊತ್ತು ಆ ಕಡೆಯಿಂದ ಗುಡುಗಿನಂಥ ಸದ್ದು ಬರುತ್ತಿತ್ತು. ಆಯಿ ಕಂದೀಲಿನ ಬತ್ತಿ ಇಳಿಸಿ, ನಮ್ಮನ್ನೆಲ್ಲ ಒಂದೇ ಕೌದಿಯೊಳಗೆ ತುರುಕಿ, “ಸುಮ್ನ ಮಕ್ಕೋರಿ, ಕರಾಚಿದು ಬಂದದ” ಅನ್ನುತ್ತಿದ್ದಳು. ಕರಾಚಿ ಅಂದರೆ ಯಾವುದೋ ದೆವ್ವದ ಹೆಸರು ಅಂತ ನಾನು ಬಹಳ ದಿನ ತಿಳಿದಿದ್ದೆ. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯದವನೊಬ್ಬ ಕರಾಚಿಯಿಂದ ಲ್ಯಾಂಕಾಸ್ಟ್ರಿಯನ್ ವಿಮಾನಗಳಲ್ಲಿ ನಿಜಾಮರಿಗೆ ಹತಾರು ಸಾಗಿಸುತ್ತಿದ್ದ, ಇಳಿಸುತ್ತಿದ್ದ ಜಾಗಗಳಲ್ಲಿ ಬೀದರೂ ಒಂದು ಅಂತ ಓದಿ ತಿಳಿದದ್ದು ಪಿಂಚಣಿಗೆ ಬಂದ ಮೇಲೆ.

ಸೆಪ್ಟೆಂಬರ್ 13ಕ್ಕೆ ಹಿಂದುಸ್ತಾನದ ಸೈನ್ಯ ನಿಜಾಮರ ಸಂಸ್ಥಾನದ ಗಡಿ ದಾಟಿತು, 17ರ ಬೆಳಗಿನ ಜಾವ ಬೀದರಿಗೆ ಬಂತು. ನನಗೆ ಮೊದಲು ನೆನಪಾಗುವುದು ಬಂದೂಕಲ್ಲ, ಚಿಲ್ಲರೆ. ನಮ್ಮಲ್ಲಿ ನಡೆಯುತ್ತಿದ್ದದ್ದು ನಿಜಾಮರ ಹಾಲಿ ಸಿಕ್ಕೆ. ಸಿಪಾಯಿಗಳು ತಂದದ್ದು ಕಲ್ದಾರ ರೂಪಾಯಿ. ಹಾಲಿ ಏಳಕ್ಕೆ ಕಲ್ದಾರ ಆರು. ಅಂದರೆ ಒಂದು ಕಲ್ದಾರಕ್ಕೆ ಹಾಲಿ ಲೆಕ್ಕದಲ್ಲಿ ಒಂದು ರೂಪಾಯಿ ಎರಡಾಣೆ ಎಂಟು ಪೈ. ರಸ್ತೆ ಬದಿ ಬಾಳೆಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ನಮ್ಮ ಕಾಕಾ ಈ ಲೆಕ್ಕ ಹತ್ತದೆ, ಕಲ್ದಾರ ತಗೊಂಡು ಹಾಲಿ ರೂಪಾಯಿಯ ಚಿಲ್ಲರೆಯನ್ನಷ್ಟೇ ಕೊಟ್ಟು, ಸಂಜೆಗೆ ಗಂಟು ಬಿಚ್ಚಿದರೆ ಲಾಭವೋ ಲಾಭ. ಹೈದರಾಬಾದ್ ಸಂಸ್ಥಾನ ಮುಳುಗಿದ ದಿನ ನಮ್ಮ ಮನೆಯಲ್ಲಿ ಆದ ದೊಡ್ಡ ಸುದ್ದಿ ಅದೇ.

ಅದಾದ ಎರಡು ಮೂರು ದಿನಕ್ಕೆ ಮೈದಾನದ ಅಂಚಿನಲ್ಲಿ ಗಂಡಸರನ್ನು ಸಾಲಾಗಿ ಕುಕ್ಕರಗಾಲಲ್ಲಿ ಕೂರಿಸಿದ್ದನ್ನು ನೋಡಿದೆ. ಕೆಲವರ ಮೈಮೇಲೆ ಸಂಸ್ಥಾನದ ಸೈನ್ಯದ ಬಟ್ಟೆ, ಕೆಲವರದು ನಿಜಾಮರ ಪರ ಹೊಡೆದಾಡಿದ ರಜಾಕಾರರ ಖಾಕಿ, ಕೆಲವರದು ಬರೀ ಪೈಜಾಮ. ಹಸಿ ಮಣ್ಣಿನದು, ಬೆವರಿನದು, ಲಾರಿ ಎಣ್ಣೆಯದು ಕೂಡಿದ ಒಂದು ವಾಸನೆ. ಊರಿನ ಪಟವಾರಿ ಹೊರಸಿನ ಮೇಲೆ ಕೂತು, ಲೇವಿ ಜೋಳದ ಹಳೇ ಕಾಗದದ ಬೆನ್ನಿಗೆ ಹೆಸರು ಬರೆಯುತ್ತಿದ್ದ. ಮಳೆ ಹನಿಯಿತು. ಕಾಗದ ಮಡಚಿ ಜೇಬಿಗಿಟ್ಟುಕೊಂಡು ಎದ್ದ. ಆಮೇಲೆ ಲಾರಿ ಹತ್ತಿಸುವಾಗ ಯಾರೂ ಹೆಸರು ಕೂಗಲಿಲ್ಲ. ತಲೆ ಎಣಿಸಿ ಹತ್ತಿಸಿದರು, ಎರಡು ಸಲ ಎಣಿಸಿದಾಗ ಎರಡು ಬೇರೆ ಅಂಕಿ ಬಂತು.

ಆ ಲಾರಿಯಲ್ಲಿ ನಮ್ಮ ಓಣಿಯ ದರ್ಜಿ ಚಾಚಾನೂ ಇದ್ದ. ರಜಾಕಾರರಿಗೆ ಖಾಕಿ ಅಂಗಿ ಹೊಲಿದದ್ದು ಅವನ ತಪ್ಪು. ಹೊಲಿಯದಿದ್ದರೆ ಅವರು ಬಿಡುತ್ತಿರಲಿಲ್ಲ, ಹೊಲಿದದ್ದಕ್ಕೆ ಇವರು ಬಿಡಲಿಲ್ಲ. ಅಂಗಿಗೆ ಆರಾಣೆ ಕೂಲಿ ಅಂತ ಮಾತಾಡಿದ್ದರಂತೆ, ಅದೂ ಬಾಕಿ ಉಳಿದಿತ್ತು. ಅವನ ಹೆಂಡತಿ ಬುರ್ಖಾ ಹಾಕಿಕೊಂಡು, ರೊಟ್ಟಿ ಬುತ್ತಿ ಕಟ್ಟಿಕೊಂಡು ಊರೂರು ತಿರುಗಿದಳು. ಒಂದು ಕಡೆ ಕೇಳಿದರೆ ಇನ್ನೊಂದು ಕಡೆ ತೋರಿಸುತ್ತಿದ್ದರು. ಚಾಚಾ ಎಷ್ಟೋ ತಿಂಗಳ ಮೇಲೆ ಒಂದು ದಿನ ನಡೆದುಕೊಂಡೇ ಬಂದ, ಮಶೀನಿಗೆ ಎಣ್ಣೆ ಬಿಟ್ಟ, ಹೊಲಿಯಲಿಕ್ಕೆ ಕೂತ. ಎಲ್ಲಿದ್ದೆ ಅಂತ ಕೇಳಿದವರಿಗೆ, “ಸರ್ಕಾರಕ್ಕೇ ಗೊತ್ತಿದ್ದಿಲ್ಲ, ನನಗ್ಹ್ಯಾಂಗ ಗೊತ್ತಿರ್ತದ” ಅಂದ.

ದೊಡ್ಡ ಸಂಗತಿಗಳನ್ನು ನೀವು ಓದಿರುತ್ತೀರಿ. ಸಂಸ್ಥಾನದ ಸೇನಾಪತಿ ಎಲ್ ಎದ್ರೂಸ್ 18ರಂದು ಮೇಜರ್ ಜನರಲ್ ಜೆ.ಎನ್. ಚೌಧರಿಯವರಿಗೆ ಶರಣಾದರು, ಚೌಧರಿಯವರು ಮಿಲಿಟರಿ ಗವರ್ನರ್ ಆದರು, ನಮ್ಮ ಅವ್ವಲ್ ತಾಲೂಕ್ದಾರ ಕಲೆಕ್ಟರ್ ಆದ. ಅದೇ ವರ್ಷದ ಮೇ ತಿಂಗಳಲ್ಲಿ ನಮ್ಮ ಕಡೆಯ ಗೋರ್ಟಾದಲ್ಲಿ ರಜಾಕಾರರು ಊರಿಗೆ ಊರನ್ನೇ ಕಡಿದಿದ್ದರು. ಸೆಪ್ಟೆಂಬರಿನ ಮೇಲೆ ಸೇಡು ತಿರುಗಿ ಬಂತು, ತಪ್ಪು ಮಾಡದವರ ಬಾಗಿಲಿಗೂ ಬಂತು. ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ 27,000ದಿಂದ 40,000 ಜನ ಸತ್ತಿರಬೇಕೆಂದು ಅಂದಾಜು ಕಟ್ಟಿತು. ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮದೂ ಒಂದು. ಆ ವರದಿ ದಶಕಗಟ್ಟಲೆ ಬೆಳಕಿಗೆ ಬರಲಿಲ್ಲ. ಸೆರೆಸಿಕ್ಕವರದು ಮಾತ್ರ ಬಿಡಿ ಅಂಕಿಯವರೆಗೆ ಲೆಕ್ಕ ಇದೆ: ಸಂಸ್ಥಾನದ ಸಿಪಾಯಿಗಳು 1,647, ರಜಾಕಾರರು 1,911. ನಮ್ಮ ಚಾಚಾ ಇದರಲ್ಲಿ ಯಾವ ಸಾಲಿನಲ್ಲಿ ಕೂತಿದ್ದನೋ. ಈಗ ಸೆಪ್ಟೆಂಬರ್ 17ಕ್ಕೆ ಬಾವುಟ ಏರಿಸಿ ಕಲ್ಯಾಣ ಕರ್ನಾಟಕ ಉತ್ಸವ ಮಾಡುತ್ತಾರೆ. ಮಕ್ಕಳಿಗೆ ಬೂಂದಿ ಲಾಡು ಕೊಡುತ್ತಾರೆ. ಒಳ್ಳೆಯದೇ.

ನಾನು ಕಲಿತದ್ದು ಅಲಿಫ್ ಬೇ. ಮನೆಯಲ್ಲಿ ಕನ್ನಡ, ಮದರಸಾದಲ್ಲಿ ಉರ್ದು. ಶಾಲೆಗೆ ಆಗ ಹಾಗೇ ಅನ್ನುತ್ತಿದ್ದೆವು. ಹಿಂದೂ ಹುಡುಗರೂ ಹಲಗೆಯ ಮೇಲೆ ಬರುವಿನ ಲೆಕ್ಕಣಿಕೆಯಿಂದ ಉರ್ದು ತಿದ್ದಬೇಕಿತ್ತು. 1956ರಲ್ಲಿ ಬೀದರು ಮೈಸೂರು ರಾಜ್ಯಕ್ಕೆ ಸೇರಿದಾಗ ನಮ್ಮಂಥವರ ಓದು ಯಾವ ಕಚೇರಿಗೂ ಬೇಡವಾಯಿತು. ಕನ್ನಡ ಅರ್ಜಿ ಬರೆಯಲು ಬರುತ್ತಿರಲಿಲ್ಲ, ಉರ್ದು ಅರ್ಜಿ ಓದುವವರು ಇರಲಿಲ್ಲ. ಮೈಯಲ್ಲಿ ಎತ್ತರ ಇತ್ತು, ಪಲ್ಟಣಿಗೆ ಸೇರಿದೆ. ಆ ಎತ್ತರಕ್ಕೇ ನನ್ನನ್ನು ಮುಂದೆ ಮಿಲಿಟರಿ ಪೊಲೀಸಿಗೆ ಹಾಕಿದರು. ಕೆಂಪು ಟೋಪಿ, ಬಿಳಿ ಬೆಲ್ಟು, ತೋಳಿಗೆ ‘ಎಂ.ಪಿ.’ ಅಂತ ಪಟ್ಟಿ. ಮೊದಲ ರಜೆಗೆ ಆ ವೇಷದಲ್ಲೇ ಬೀದರಿನ ಚೌಬಾರಾದ ಸುತ್ತ ಎರಡು ಸಲ ತಿರುಗಿದೆ. ಯಾರೋ ಎಂ.ಪಿ. ಅಂದರೆ ಪಾರ್ಲಿಮೆಂಟ್ ಮೆಂಬರ್ ಅಂತ ತಿಳಿದು ಬೋರ್‌ವೆಲ್ ಕೇಳಿದರು. ನಾನೂ ನೋಡೋಣ ಅಂದೆ.

ಈ ದಳದ ಕೆಲಸ ಹೊರಗಿನವರಿಗೆ ಅಷ್ಟು ತಿಳಿಯದು. ದಂಡು ನಡೆಯುವ ದಾರಿಗೆ ಗುರುತಿನ ಹಲಗೆ ನೆಡುವುದು, ಕವಲಿನಲ್ಲಿ ನಿಂತು ಲಾರಿಗಳನ್ನು ತಿರುಗಿಸುವುದು, ಕುಡಿದು ಗಲಾಟೆ ಮಾಡಿದ ಸಿಪಾಯಿಯನ್ನು ಎಳೆದು ತರುವುದು, ಗುಂಪು ತಪ್ಪಿದವರನ್ನು ಗುಂಪಿಗೆ ಸೇರಿಸುವುದು. ಸೆರೆಸಿಕ್ಕ ವೈರಿಗಳನ್ನು ಹಿಂದಕ್ಕೆ ಸಾಗಿಸುವುದೂ ನಮ್ಮ ಪಾಲಿನದು. ಹಾಗಾಗಿ ಯುದ್ಧದಲ್ಲಿ ನಾನು ಗುಂಡು ಹಾರಿಸಿದ್ದಕ್ಕಿಂತ ಸೀಟಿ ಊದಿದ್ದು ಜಾಸ್ತಿ. ಈಗ ಈ ದಳಕ್ಕೆ ಹೆಣ್ಣುಮಕ್ಕಳನ್ನೂ ತೆಗೆದುಕೊಳ್ಳುತ್ತಾರೆ. 2019ರಲ್ಲಿ ನಮ್ಮ ಬೆಳಗಾವಿಯಲ್ಲೇ ಅದರ ಭರ್ತಿ ನಡೆಯಿತು, 2021ರ ಮೇ ತಿಂಗಳಲ್ಲಿ ಮೊದಲ ತಂಡದ 83 ಜನ ಬೆಂಗಳೂರಿನ ಕೇಂದ್ರದಿಂದ ತಯಾರಾಗಿ ಹೊರಬಿದ್ದರು. ನಮ್ಮ ಕಾಲದಲ್ಲಿ ಇದನ್ನು ಯಾರಾದರೂ ಅಂದಿದ್ದರೆ ಮೆಸ್ಸಿನಲ್ಲಿ ನಗೆಪಾಟಲಾಗುತ್ತಿದ್ದರು. ಮುಂದೆ ಬಿದ್ದು ನಗುವವನು ನಾನೇ ಇರುತ್ತಿದ್ದೆ.

1971ರ ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಜನರಲ್ ನಿಯಾಜಿ ಶರಣಾಗತಿಗೆ ಸಹಿ ಹಾಕಿದರು. ಸಹಿ ಹಾಕಲಿಕ್ಕೆ ಅರೆಗಳಿಗೆ. ಅದರ ಮೇಲೆ ನಮ್ಮ ಕೊರಳಿಗೆ ಬಿದ್ದವರು ನಾಗರಿಕರೂ ಸೇರಿ ಸುಮಾರು 93,000 ಜನ. ಅಷ್ಟು ಬಾಯಿಗೆ ಹಿಟ್ಟು, ಅಷ್ಟು ಮೈಗೆ ಕಂಬಳಿ, ಅಷ್ಟು ಹೆಸರಿಗೆ ಕಾಗದ ಆಗಬೇಕಿತ್ತು. ರೈಲಿನ ಮೇಲೆ ರೈಲು ತುಂಬಿಸಿ ರಾಂಚಿ, ಜಬಲ್‌ಪುರ, ಆಗ್ರಾ, ಹೀಗೆ ಊರೂರಿಗೆ ಹಂಚಿದರು. ನನ್ನ ಪಾಲಿಗೆ ಬಂದದ್ದು ರಾಂಚಿಯ ಒಂದು ಶಿಬಿರ. ಎರಡು ಸುತ್ತು ಮುಳ್ಳುತಂತಿ, ಮೂಲೆಗೊಂದು ಅಟ್ಟಣಿಗೆ, ರಾತ್ರಿಯಿಡೀ ದೊಡ್ಡ ಲೈಟು. ಬಂದವರಿಗೆಲ್ಲ ಮೊದಲು ಡಿಡಿಟಿ ಪುಡಿ ಊದಿದೆವು. ಆ ಪುಡಿ, ಫಿನಾಯಿಲು, ಒದ್ದೆ ಕಂಬಳಿ: ಈ ಮೂರರ ವಾಸನೆ ಈಗಲೂ ಸರ್ಕಾರಿ ಆಸ್ಪತ್ರೆಗೆ ಹೋದರೆ ಅರ್ಧಂಬರ್ಧ ಮೂಗಿಗೆ ಬಡಿಯುತ್ತದೆ.

ಅಲ್ಲಿ ನನಗೆ ಕೊಟ್ಟದ್ದು ಬಂದೂಕಲ್ಲ, ರಿಜಿಸ್ಟರು. ಉರ್ದು ಓದಲು ಬರೆಯಲು ಬರುವ ಹವಾಲ್ದಾರ ಬೇಕು ಅಂದಾಗ ಎದ್ದು ನಿಂತವನು ನಾನು. ನಿಜಾಮರು ಹೊಡೆದು ಕಲಿಸಿದ ಅಕ್ಷರ ಹಾಗೆ ಹಿಂದುಸ್ತಾನ ಸರ್ಕಾರದ ಉಪಯೋಗಕ್ಕೆ ಬಿತ್ತು. 1949ರ ಜಿನೀವಾ ಒಪ್ಪಂದದ ಪ್ರಕಾರ ಕೈದಿ ಹೇಳಬೇಕಾದದ್ದು ನಾಲ್ಕೇ: ಹೆಸರು, ಹುದ್ದೆ, ನಂಬರು, ಹುಟ್ಟಿದ ತಾರೀಕು. ಹುಟ್ಟಿದ ತಾರೀಕು ಬಂದಾಗ ಹಳ್ಳಿಯ ಸಿಪಾಯಿಗಳು ತಡವರಿಸುತ್ತಿದ್ದರು. “ದೊಡ್ಡ ಹೊಳೆ ಬಂದ ವರ್ಷ” ಅಂದ ಒಬ್ಬ. ನಮ್ಮ ಆಯಿ ನನ್ನ ವಯಸ್ಸು ಹೇಳುತ್ತಿದ್ದದ್ದೂ ಹೀಗೇ, ಬರಗಾಲ ಹಿಡಿದು. ಒಂದು ವರ್ಷ ಊಹಿಸಿ ಜನವರಿ 1 ಅಂತ ಬರೆದೆ. ಅದಕ್ಕೇ ಜನವರಿ ಒಂದಕ್ಕೆ ಹುಟ್ಟಿದವರು ನನ್ನ ರಿಜಿಸ್ಟರಿನಲ್ಲಿ ಅಷ್ಟು ಜನ ಇದ್ದಾರೆ.

ನಾನು ಆಡುವ ಉರ್ದು ಕೇಳಿ ಪಂಜಾಬಿನ ಕೈದಿಗಳಿಗೆ ನಗೆ ತಡೆಯುತ್ತಿರಲಿಲ್ಲ. ಬೀದರಿನ ದಖನಿ ಅದು. “ಶೋರ್ ನಕ್ಕೊ ಕರೋ” ಅಂತ ಗದರಿದರೆ ಗದ್ದಲ ನಿಲ್ಲುವ ಬದಲು ಇಡೀ ಸಾಲು ‘ನಕ್ಕೊ ನಕ್ಕೊ’ ಅಂತ ಶುರುಮಾಡುತ್ತಿತ್ತು. ಹುರಿ ಮೀಸೆ, ಕಂಕುಳಲ್ಲಿ ಬೆತ್ತ ಇಟ್ಟುಕೊಂಡು ನಾನು ಎಷ್ಟು ಬಿರುಸಾಗಿ ನಿಂತರೂ ‘ಹೌ’ ಅಂದ ಕೂಡಲೆ ಎಲ್ಲ ಮುಗಿಯಿತು. ಕಡೆಗೆ ಹಾಜರಿ ಕರೆಯುವಾಗ ಮಾತು ಕಡಿಮೆ ಮಾಡಿ ಬರೀ ಹೆಸರು, ನಂಬರು ಓದುವುದನ್ನು ಕಲಿತೆ.

ಹಾಜರಿ ದಿನಕ್ಕೆ ಎರಡು ಹೊತ್ತು, ಮಂಜಿದ್ದರೂ ಮಳೆ ಬಂದರೂ. ಒಂದು ಜನವರಿ ಸಂಜೆ ಒಬ್ಬ ಕಡಿಮೆ ಬಿದ್ದ. ಸೀಟಿ ಊದಿದೆವು, ಲೈಟು ಹಾಕಿದೆವು, ಮತ್ತೆ ಎಣಿಸಿದೆವು, ಮತ್ತೆ ಒಬ್ಬ ಕಡಿಮೆ. ಊಟವಿಲ್ಲದೆ ಕೈದಿಗಳೂ ನಿಂತರು, ನಾವೂ ನಿಂತೆವು. ಕಡೆಗೆ ಅಡಿಗೆಮನೆಯಲ್ಲಿ, ಹಿಟ್ಟಿನ ಚೀಲಗಳ ಸಂದಿಯಲ್ಲಿ, ಒಲೆಯ ಬಿಸಿಗೆ ಬೆನ್ನು ಕೊಟ್ಟು ಗೊರಕೆ ಹೊಡೆಯುತ್ತಿದ್ದವನು ಸಿಕ್ಕ. ಅವನನ್ನು ಮೊದಲು ಬೈದವರು ನಮ್ಮವರಲ್ಲ, ಅವನ ಕಡೆಯವರೇ. ಅವತ್ತು ಎರಡೂ ದೇಶದವರು ಒಂದೇ ಥರ ಬೈದದ್ದು ಕೇಳಿ ನಮ್ಮ ಸುಬೇದಾರ ಸಾಹೇಬರು ಶಿಕ್ಷೆ ಕೊಡುವುದನ್ನೇ ಬಿಟ್ಟರು.

ಫತೇಗಢದ ಶಿಬಿರದಿಂದ ಐದು ಜನ ಅಧಿಕಾರಿಗಳು ಸುರಂಗ ಕೊರೆದು ಪಾರಾದ ಮೇಲೆ ಎಲ್ಲ ಕಡೆ ನೆಲ ಕುಟ್ಟಿ ನೋಡುವ ಹುಕುಂ ಬಂತು. ನಮ್ಮಲ್ಲಿ ಕೈದಿಗಳು ಮೂಲಂಗಿ ಹಾಕುತ್ತೇವೆ ಅಂತ ಮಡಿ ಮಾಡಿಕೊಂಡಿದ್ದರು. ರಾಂಚಿಯ ಮಣ್ಣೂ ನಮ್ಮ ಚಿದ್ರಿಯ ಹಾಗೆ ಕೆಂಪು. ನಾನು ಒಕ್ಕಲುತನದ ಮನೆಯವನು. ಮೂಲಂಗಿ ಹೇಗೆ ಬೆಳೆಯುತ್ತದೆ ಗೊತ್ತು, ಮಡಿ ಬೆಳೆಯುವುದನ್ನು ಎಲ್ಲೂ ಕಂಡಿರಲಿಲ್ಲ. ವಾರದಿಂದ ವಾರಕ್ಕೆ ಅದು ಗೇಣುದ್ದ ಏರಿತ್ತು. ಬ್ಯಾರಕಿನ ಮೂಲೆಯ ಹೊರಸು ಸರಿಸಿದರೆ ಸೊಂಟದ ಮಟ್ಟ ಗುಂಡಿ. ತಪ್ಪಿಸಿಕೊಳ್ಳಲು ನೋಡಿದ ಕೈದಿಗೆ ಜಿನೀವಾ ನಿಯಮದ ಪ್ರಕಾರ ಹೆಚ್ಚೆಂದರೆ 30 ದಿನದ ಶಿಕ್ಷೆ. ಓಡಿಹೋಗಲು ನೋಡುವುದು ಕೈದಿಯ ಸ್ವಭಾವ ಅಂತ ಆ ಕಾನೂನು ಬರೆದವರು ಒಪ್ಪಿಕೊಂಡಿದ್ದಾರೆ. ನನಗೆ ಅದು ಸರಿ ಅಂತ ಕಂಡದ್ದು ವಯಸ್ಸಾದ ಮೇಲೆ. ಅವತ್ತು ನಾನು ಉರಿದುಬಿದ್ದೆ, ಮೂಲಂಗಿ ಕಿತ್ತು ಅಡಿಗೆಮನೆಗೆ ಕಳಿಸಿದೆ.

ಕಾಗದ ಓದುವುದು ಇನ್ನೊಂದು ಕೆಲಸ. ತಿಂಗಳಿಗೆ ಒಬ್ಬನಿಗೆ ಕಡಿಮೆಯೆಂದರೆ ಎರಡು ಕಾಗದ, ನಾಲ್ಕು ಕಾರ್ಡು ಬರೆಯಲು ಬಿಡಬೇಕು. ಊರ ಹೆಸರು, ಕಾವಲಿನ ಸುದ್ದಿ ಬಂದರೆ ನಾನು ಮಸಿ ಬಳಿಯಬೇಕು. ಬಳಿಯುವಂಥದ್ದು ಬಹಳ ಸಿಗುತ್ತಿರಲಿಲ್ಲ. ಎಮ್ಮೆ ಈಯಿತೇ, ತಂಗಿಯ ನಿಕಾಹ್ ಯಾವಾಗ, ಇಂಥವನಿಂದ ಬರಬೇಕಾದ ನಲವತ್ತು ರೂಪಾಯಿ ಬಂತೇ. ಒಬ್ಬ ಲಾನ್ಸ್ ನಾಯಕ ಪ್ರತಿ ಕಾಗದದಲ್ಲೂ ಹೆಂಡತಿಗೆ, ಬಾವಿಯ ಹಗ್ಗ ಬದಲಿಸು ಅಂತ ಬರೆಯುತ್ತಿದ್ದ. ಇದು ಏನೋ ಗುಪ್ತ ಸಂಕೇತ ಅಂತ ಮೇಲಿನವರಿಗೆ ತೋರಿಸಿದೆವು. ಆರು ತಿಂಗಳಿಗೆ ಉತ್ತರ ಬಂತು: ಹಗ್ಗ ಹರಿದು ಕೊಡ ಬಾವಿಗೆ ಬಿತ್ತು.

ಈ ಕಾಗದಗಳಿಗೆ ಟಪಾಲು ಖರ್ಚು ಇಲ್ಲ. ಕೈದಿಗಳ ಅಂಚೆ ಪುಕ್ಕಟೆ. ನಮ್ಮ ಮನೆಯಾಕೆ ಚಿದ್ರಿಯಿಂದ ಇನ್‌ಲ್ಯಾಂಡ್ ಹಾಕಿದರೆ 15 ಪೈಸೆ, ಮೇಲೆ ಬಾಂಗ್ಲಾ ನಿರಾಶ್ರಿತರ ಪರಿಹಾರಕ್ಕೆಂದು 5 ಪೈಸೆಯ ಇನ್ನೊಂದು ಚೀಟಿ. ಇದನ್ನು ರಜೆಗೆ ಹೋದಾಗ ಹೇಳಬಾರದಿತ್ತು, ಹೇಳಿದೆ. “ಹಂಗಾದ್ರ ನೀವೂ ಆ ಕಡಿಗಿ ಹೋಗಿ ಸಿಕ್ಕಿಬೀಳ್ರಿ, ದುಡ್ಡರ ಉಳೀತದ” ಅಂದಳು. ಅವಳು ಹೇಳಿದ್ದರಲ್ಲಿ ಲೆಕ್ಕ ತಪ್ಪಿರಲಿಲ್ಲ.

ಅದೇ ರಜೆಯಲ್ಲಿ ದರ್ಜಿ ಚಾಚಾನ ಹತ್ತಿರ ಅಂಗಿ ಅಳತೆ ಕೊಡಲು ಹೋಗಿದ್ದೆ. ಕಣ್ಣು ಮಂಜಾಗಿತ್ತು, ದಾರ ಪೋಣಿಸಲು ಮೊಮ್ಮಗ ಬೇಕಿತ್ತು. ನನ್ನ ಶಿಬಿರದ ಕಥೆ ಕೇಳಿದ. ಅವರಿಗೆ ಸಂಬಳ ಕೊಡುತ್ತೀರಾ, ಸಾಬೂನು ಕೊಡುತ್ತೀರಾ, ಹೆಂಡತಿಗೆ ಕಾಗದ ಹೋಗುತ್ತದಾ ಅಂತ ಒಂದೊಂದೇ ಕೇಳಿದ. ಎಲ್ಲಕ್ಕೂ ಹೂಂ ಅಂದೆ. ಅಳತೆ ಪಟ್ಟಿ ಕೊರಳಿಗೆ ಹಾಕಿಕೊಂಡು, “ಹೆಸರು ಬರಕೊಂಡಿರ್ತಾರ ಅಲಾ?” ಅಂತ ಕೇಳಿದ. ಬರಕೊಂಡಿರುತ್ತೇವೆ ಚಾಚಾ, ನಾನೇ ಬರೆಯುವವನು ಅಂದೆ. ಹೊಲಿಗೆ ಕೂಲಿ ಎರಡೂವರೆ ರೂಪಾಯಿ ಅಂದ, ಚೌಕಾಶಿ ಮಾಡಿ ಎರಡಕ್ಕೆ ಇಳಿಸಿದೆ.

1973ರ ಆಗಸ್ಟ್ 28ರಂದು ದಿಲ್ಲಿಯಲ್ಲಿ ಕೈದಿಗಳನ್ನು ವಾಪಸು ಕಳಿಸುವ ಒಪ್ಪಂದ ಆಯಿತು. ಮುಂದಿನ ತಿಂಗಳಿಂದ ರೈಲುಗಳು ವಾಘಾ ಕಡೆ ಹೊರಟವು. 1974ರ ಏಪ್ರಿಲ್ ಕೊನೆಗೆ ನಿಯಾಜಿಯೂ ದಾಟಿ ಹೋದರು. ನಮ್ಮ ಶಿಬಿರದವರು ಹೋಗುವಾಗ ಅಪ್ಪಿಕೊಳ್ಳುವುದು, ಅಳುವುದು ಅಂಥದ್ದೇನೂ ನಡೆಯಲಿಲ್ಲ. ಅವರಿಗೆ ಮನೆ ನೆನಪಾಗಿತ್ತು, ನಮಗೆ ರಜೆ. ಕಡೇ ಸಲ ಹೆಸರು ಕೂಗಿದೆ, ಒಬ್ಬೊಬ್ಬನೂ ‘ಹಾಜಿರ್’ ಅಂದ, ಸಾಲಿನ ಕೊನೆಯಲ್ಲಿ ಯಾರೋ ‘ನಕ್ಕೊ’ ಅಂದ. ಜನದ ಲೆಕ್ಕ ಸರಿಯಾಗಿ ಕೂಡಿತು. ಕೂಡದೆ ಹೋದದ್ದು ಸಾಮಾನಿನ ಲೆಕ್ಕ. ಕಂಬಳಿ ಜಾಸ್ತಿ ಬಂದವು, ತಗಡಿನ ಮಗ್ಗು ಏಳು ಕಡಿಮೆ. ಮಗ್ಗು ಎಲ್ಲಿ ಹೋದವು ಅಂತ ಕೇಳಿ ಮೇಲಿಂದ ಕಾಗದ ಬಂತು, ಗೊತ್ತಿಲ್ಲ ಅಂತ ಬರೆದೆವು. ಜಾಸ್ತಿ ಕಂಬಳಿ ಎಲ್ಲಿಂದ ಬಂದವು ಅಂತ ಇನ್ನೊಂದು ಕಾಗದ ಬಂತು. ನಾನು ಪೇಟಿ ಕಟ್ಟಿಕೊಂಡು ಚಿದ್ರಿಗೆ ಬರುವಾಗಲೂ ಆ ಫೈಲು ನಡೆಯುತ್ತಲೇ ಇತ್ತು.