ದಾಳವಿಲ್ಲದ ಆಟ

ಚದುರಂಗವು ಭಾರತದಲ್ಲಿ ಹುಟ್ಟಿದ ಆಟವೆಂದು ಹೆಮ್ಮೆಪಡುವವರು ಬಹಳ ಮಂದಿ. ಮನೆಯ ಮಕ್ಕಳನ್ನು ಎದುರಿಗೆ ಕೂಡಿಸಿಕೊಂಡು ಅದನ್ನು ಕಲಿಸುವವರು ವಿರಳ. ಅಧ್ಯಾಪಕ ವೃತ್ತಿಯಿಂದ ನಿವೃತ್ತನಾದ ಮೇಲೆ ನಾನು ಭಾನುವಾರಗಳಂದು ಓಣಿಯ ಮಕ್ಕಳಿಗೆ ಈ ಆಟವನ್ನು ಹೇಳಿಕೊಡುತ್ತ ಬಂದಿದ್ದೇನೆ. ಆ ಅನುಭವದಿಂದ ತಿಳಿದ ಕೆಲವು ಸಂಗತಿಗಳನ್ನು ಓದುಗರ ಮುಂದಿಡಬೇಕೆಂದು ಮನಸ್ಸಾಗಿದೆ.

ಮಕ್ಕಳಿಗೆ ನಾನು ಮೊದಲು ಕಾಯಿಗಳ ಪರಿಚಯ ಮಾಡಿಸುತ್ತೇನೆ. ಗೆಲ್ಲುವ ಉಪಾಯದ ಮಾತು ಆಮೇಲಿನದು. ಚತುರಂಗವೆಂದರೆ ಸೈನ್ಯದ ನಾಲ್ಕು ಅಂಗಗಳು: ಆನೆ, ಕುದುರೆ, ರಥ, ಕಾಲಾಳು. ಏಳನೆಯ ಶತಮಾನದ ಬಾಣಭಟ್ಟನು ‘ಹರ್ಷಚರಿತ’ದಲ್ಲಿ ಚತುರಂಗವನ್ನೂ ಅಷ್ಟಾಪದವೆಂಬ ಎಂಟೆಂಟು ಮನೆಗಳ ಹಾಸನ್ನೂ ಒಟ್ಟಿಗೆ ಹೆಸರಿಸಿದ್ದಾನೆ. ಈ ಆಟವು ಪಾರಸೀಕರಲ್ಲಿ ‘ಚತ್ರಂಗ್’ ಎನಿಸಿ, ಅರಬರಲ್ಲಿ ‘ಶತ್ರಂಜ್’ ಎನಿಸಿ, ಅಲ್ಲಿಂದ ಯೂರೋಪನ್ನು ಸೇರಿತು. ಹೋದ ಹೋದ ನಾಡಿನಲ್ಲಿ ಕಾಯಿಗಳು ಆಯಾ ಜನರ ವೇಷವನ್ನು ತೊಟ್ಟವು. ರಾಜನ ಪಕ್ಕದ ಮಂತ್ರಿ ಯೂರೋಪಿನಲ್ಲಿ ರಾಣಿಯಾದನು. ಇಂಗ್ಲೆಂಡಿನಲ್ಲಿ ಆನೆಯು ಬಿಷಪ್ ಎಂಬ ಕ್ರೈಸ್ತ ಧರ್ಮಾಧಿಕಾರಿಯಾಯಿತು. 1831ರಲ್ಲಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ ದೊರೆತ ಹನ್ನೆರಡನೆಯ ಶತಮಾನದ ಕಾಯಿಗಳು ಬಹುಮಟ್ಟಿಗೆ ವಾಲ್ರಸ್ ಎಂಬ ಕಡಲ ಪ್ರಾಣಿಯ ದಂತದವು. ಅವುಗಳಲ್ಲಿ ಕೆನ್ನೆಗೆ ಕೈಯಿಟ್ಟು ಚಿಂತಿಸುತ್ತ ಕುಳಿತ ರಾಣಿಯರಿದ್ದಾರೆ. ನಮ್ಮ ಕಡೆಯಾದರೋ ಮೂಲೆಯ ಮನೆಯಲ್ಲಿ ಆನೆ ನಿಂತು, ಕುದುರೆಯ ಆಚೆಗೆ ಒಂಟೆ ಬಂದು, ರಥದ ಹೆಸರೇ ಮರೆಯಾಯಿತು.

ನಡೆಗಳೂ ಬದಲಾಗಿವೆ. ಹಿಂದೆ ಮಂತ್ರಿಯು ಮೂಲೆಗೆ ಒಂದೇ ಮನೆ ನಡೆಯಬಲ್ಲವನಾಗಿದ್ದನು. ಇಂದಿನ ಅವನ ಬಲವು ಹದಿನೈದನೆಯ ಶತಮಾನದ ಕೊನೆಯ ಭಾಗದಲ್ಲಿ ಯೂರೋಪಿನಲ್ಲಿ ಬಂದದ್ದು. ಕುದುರೆಯ ನಡೆಯಾದರೋ ಅಂದಿನಂತೆಯೇ ಉಳಿದಿದೆ. ಕನ್ನಡನಾಡಿಗೂ ಈ ಆಟಕ್ಕೂ ಹಳೆಯ ನಂಟು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ಜೊತೆಗೆ ಚದುರಂಗವನ್ನೂ ವಿವರಿಸಿದ್ದಾನೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಒಂದೇ ಕುದುರೆಯು ಯಾವ ಮನೆಯನ್ನೂ ಎರಡನೆಯ ಸಲ ಮೆಟ್ಟದೆ 64 ಮನೆಗಳನ್ನೂ ಸುತ್ತಿ ಬರುವ ಹಾದಿಗಳನ್ನು ರಚಿಸಿದರು. ಇದನ್ನು ಹೇಳಿದೊಡನೆ ಮಕ್ಕಳು ತಾವೂ ಕಾಗದದ ಮೇಲೆ ಮನೆಗಳನ್ನು ಬರೆದುಕೊಂಡು ಪ್ರಯತ್ನಿಸತೊಡಗುತ್ತಾರೆ.

ಕಳೆದ ವರ್ಷ ಹತ್ತು ವಯಸ್ಸಿನ ಬಾಲಕಿಯೊಬ್ಬಳ ತಂದೆ ನನ್ನಲ್ಲಿಗೆ ಬಂದರು. ಜಗುಲಿಯ ಮೇಲೆ ಹರಡಿದ್ದ ಕಾಯಿಗಳನ್ನು ನೋಡಿ, “ಮಾಸ್ತರ್ರ, ನಮ್ಮಪ್ಪ ಇಸ್ಪೀಟಿನಾಗ ಎರಡು ಎಕರೆ ಹೊಲಾ ಕಳಕೊಂಡಾನ್ರಿ. ಹುಡುಗಿಗೆ ಇಂಥಾವು ಕಲಸಬ್ಯಾಡ್ರಿ” ಎಂದರು. ಅವರ ಧ್ವನಿಯಲ್ಲಿ ಕೋಪವಿರಲಿಲ್ಲ, ಭಯವಿತ್ತು. ಹೊಲ ಕಳೆದುಕೊಂಡ ಮನೆಯಲ್ಲಿ ಬೆಳೆದವರ ಭಯವನ್ನು ಅಲ್ಲಗಳೆಯುವುದು ಹೇಗೆ?

ಅವರ ಶಂಕೆಗೆ ಇತಿಹಾಸದ ಆಧಾರವೂ ಇಲ್ಲದಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಭಾರತದ ವಿಷಯವಾಗಿ ಬರೆದ ಅಲ್‌ಬಿರೂನಿಯು ನಾಲ್ವರು ಕೂಡಿ ಆಡುವ ಚದುರಂಗವನ್ನು ವರ್ಣಿಸಿದ್ದಾನೆ. ಅದರಲ್ಲಿ ಯಾವ ಕಾಯಿ ನಡೆಯಬೇಕೆಂಬುದನ್ನು ದಾಳ ತಿಳಿಸುತ್ತಿತ್ತು. ಆದರೆ ಲೋಕವೆಲ್ಲ ಹಬ್ಬಿ ಉಳಿದದ್ದು ದಾಳವನ್ನು ಕೈಬಿಟ್ಟ ಚದುರಂಗ. ಇಲ್ಲಿ ಎರಡೂ ಪಕ್ಷಗಳಿಗೆ ಹದಿನಾರು ಹದಿನಾರು ಕಾಯಿಗಳು. ಮುಚ್ಚಿಟ್ಟದ್ದೇನೂ ಇಲ್ಲ, ಎಲ್ಲವೂ ಕಣ್ಣೆದುರಿಗೇ ಇದೆ. ಗೆದ್ದವನು ಅದೃಷ್ಟದಿಂದ ಗೆದ್ದೆನೆನ್ನಲಾರನು. ಸೋತವನು ದೈವವನ್ನು ದೂರಲಾರನು. ಇಷ್ಟನ್ನು ಹೇಳಿ, ಒಂದು ಭಾನುವಾರ ಮಗಳ ಪಕ್ಕದಲ್ಲಿ ಕುಳಿತು ನೋಡಿರೆಂದು ಬೇಡಿಕೊಂಡೆ.

ಅವರು ಬಂದರು. ಆ ದಿನ ಹುಡುಗಿ ತನಗಿಂತ ಕಿರಿಯನೊಬ್ಬನಿಗೆ ಸೋತಳು. ಕಣ್ಣಲ್ಲಿ ನೀರು ತುಂಬಿತು. ನನ್ನ ಪಾಠದಲ್ಲಿ ಒಂದು ನಿಯಮವುಂಟು: ಆಟ ಮುಗಿದ ಮೇಲೆ ಇಬ್ಬರೂ ಕೂಡಿ ನಡೆಗಳನ್ನು ಹಿಂದಕ್ಕೆ ಸಾಗಿಸಿ ನೋಡಬೇಕು. ಹಾಗೆ ನೋಡುತ್ತ ಹೋದಾಗ ಅವಳು ಒಂದು ಕಡೆ ಬೆರಳಿಟ್ಟು, “ಇಲ್ಲಿ ನಾ ಕುದುರಿ ಎತ್ತಬಾರದಿತ್ತು. ಕಾಲಾಳಿಗೆ ಬೆಂಬಲ ಹೋತು” ಎಂದಳು. ತಂದೆ ಬಹಳ ಹೊತ್ತು ಸುಮ್ಮನಿದ್ದು, “ಇಸ್ಪೀಟು ಆಡಿದವರ ಬಾಯಾಗ ಈ ಮಾತು ನಾ ಕೇಳಿಲ್ರಿ” ಎಂದರು. ಮುಂದಿನ ವಾರ ಹುಡುಗಿ ಒಬ್ಬಳೇ ಬಂದಳು. ಬರುವಾಗ ತಮ್ಮನನ್ನೂ ಕರೆತಂದಿದ್ದಳು.

ಕಲಿಸಬಯಸುವ ಹಿರಿಯರಿಗೆ ಒಂದು ಸೂಚನೆ. ಎಲ್ಲ ಕಾಯಿಗಳನ್ನೂ ಒಮ್ಮೆಲೇ ಹೂಡಬೇಡಿರಿ. ಮೊದಲು ಎಂಟೆಂಟು ಕಾಲಾಳುಗಳನ್ನಷ್ಟೇ ಇಟ್ಟು, ಯಾರ ಕಾಲಾಳು ಕೊನೆಯ ಸಾಲನ್ನು ಮೊದಲು ಮುಟ್ಟುವುದೋ ಅವರೇ ಗೆದ್ದಂತೆ ಎಂದು ಆಡಿಸಿರಿ. ಹಿಂದಕ್ಕೆ ಹೆಜ್ಜೆಯಿಡಲಾರದ ಆ ಸಣ್ಣ ಕಾಯಿ ಕೊನೆಯ ಮನೆಯಲ್ಲಿ ಮಂತ್ರಿಯಾಗಬಲ್ಲದೆಂದು ತಿಳಿದಾಗ ಮಕ್ಕಳ ಮುಖ ಅರಳುವುದನ್ನು ನೋಡಬೇಕು! ಬಳಿಕ ವಾರಕ್ಕೊಂದು ಕಾಯಿಯನ್ನು ಸೇರಿಸುತ್ತ ಹೋದರೆ ಸಾಕು.

1988ರಲ್ಲಿ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಎನಿಸಿದ ವಿಶ್ವನಾಥನ್ ಆನಂದರಿಗೆ ಬಾಲ್ಯದಲ್ಲಿ ಆಟ ಕಲಿಸಿದವರು ಅವರ ತಾಯಿ. 2024ರಲ್ಲಿ ಗುಕೇಶರು ಹದಿನೆಂಟನೆಯ ವಯಸ್ಸಿಗೇ ವಿಶ್ವವಿಜೇತರಾದರು. ನಮ್ಮ ಓಣಿಯ ಮಕ್ಕಳೆಲ್ಲ ಆ ಎತ್ತರಕ್ಕೆ ಏರಬೇಕೆಂಬ ಹಂಬಲ ನನಗಿಲ್ಲ. ತನ್ನ ನಡೆಗೆ ತಾನೇ ಹೊಣೆಯೆಂದು ಎಳೆತನದಲ್ಲೇ ಅರಿತವರು ಮುಂದೆ ಹೊಲ ಉಳುವಾಗಲೂ ಕಚೇರಿಯಲ್ಲಿ ಕುಳಿತಾಗಲೂ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಲಾರರು. ಅದಕ್ಕಾಗಿ ವಾರದಲ್ಲಿ ಒಂದು ತಾಸನ್ನು ಮನೆಯ ಹಿರಿಯರು ಮೀಸಲಿಡಬಾರದೇ?