ಭಾವನವರ ಜೀಪು

ಶಾಸ್ತ್ರ ಓದಿದವನು ಯಂತ್ರದ ವಿಷಯ ಬರೆಯಹೊರಟರೆ ನಗೆ ಬರುವುದು ಸಹಜ. ಮಠದ ಪಾಠಶಾಲೆಯಲ್ಲಿ ಹನ್ನೆರಡು ವರ್ಷ ವ್ಯಾಕರಣ, ತರ್ಕಗಳನ್ನು ಓದಿ, ಮುಂದೆ ಮೂವತ್ತು ವರ್ಷಕ್ಕೂ ಮಿಗಿಲಾಗಿ ಅವನ್ನೇ ಪಾಠ ಹೇಳಿದವನು ನಾನು. ಅರುವತ್ತನಾಲ್ಕನೆಯ ವಯಸ್ಸಿನಲ್ಲಿ ಒಂದು ಹಳೆಯ ಜೀಪಿನ ಆಯಿಲ್ ಸೀಲುಗಳ ಲೆಕ್ಕ ಬರೆಯುವ ಪ್ರಸಂಗ ನನಗೆ ಒದಗಿತು. ಆ ಲೆಕ್ಕ ಬರೆಯುತ್ತ ಹೋದಂತೆ, ಮೂವತ್ತೆಂಟು ವರ್ಷಗಳಿಂದ ಬಾಕಿ ಉಳಿದಿದ್ದ ಇನ್ನೊಂದು ಲೆಕ್ಕವೂ ಎದುರಿಗೆ ಬಂದು ನಿಂತಿತು. ಈ ಬರಹ ಅದಕ್ಕಾಗಿ.

ಶಿರಸಿ ತಾಲೂಕಿನ ಭೈರುಂಬೆಯಲ್ಲಿ ನನ್ನ ಅಕ್ಕನ ಮನೆ. ಭಾವನವರದು ಅಲ್ಲಿ ಕಿರಾಣಿ ಅಂಗಡಿ. ಜೊತೆಗೆ ಅಡಿಕೆ ಮೂಟೆಗಳನ್ನು ಶಿರಸಿಯ ಮಾರುಕಟ್ಟೆಗೆ ಸಾಗಿಸುವ ಕೆಲಸ. ಮಳೆಗಾಲದ ಕೆಸರಿನಲ್ಲಿ ತೋಟದ ದಾರಿಗಳನ್ನು ಹತ್ತಿಳಿಯಲು ಅವರು 1979ರಲ್ಲಿ ಒಂದು ಮಹೀಂದ್ರ ಜೀಪನ್ನು ಎರಡನೆಯ ಕೈಯಿಂದ ಕೊಂಡರು. ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ತಯಾರಿಸಿದ ಜೀಪಿನ ಸಂತತಿ ಅದು. 1953ರಲ್ಲಿ ವಿಲ್ಲಿಸ್ ಕಂಪನಿ ಎತ್ತರದ ಹೊಸ ಎಂಜಿನ್ ಕೂರಿಸಲು ಬಾನೆಟ್ಟನ್ನು ಮೇಲಕ್ಕೇರಿಸಿ ಸಿಜೆ-3ಬಿ ಎಂಬ ಮಾದರಿಯನ್ನು ತಂದಿತು. ನಮ್ಮ ದೇಶದಲ್ಲಿ ಮಹೀಂದ್ರದವರು ಅದನ್ನೇ ದಶಕಗಳ ಕಾಲ ತಯಾರಿಸಿದರು. ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ತಲುಪುವುದರಿಂದ ಮಲೆನಾಡಿಗೆ ಅದು ಹೇಳಿಮಾಡಿಸಿದ ವಾಹನವಾಗಿತ್ತು.

ಭಾವನವರು 2009ರಲ್ಲಿ ಲಿಂಗೈಕ್ಯರಾದ ಮೇಲೆ ಜೀಪು ಕೊಟ್ಟಿಗೆ ಸೇರಿತು. ಹೋದ ವರ್ಷ ಸೋದರಳಿಯ ಅದನ್ನು ಪೂರ್ತಿ ಬಿಚ್ಚಿ ಮರಳಿ ಜೋಡಿಸುವೆನೆಂದು ಹೊರಟ. ಅಕ್ಕ ಒಪ್ಪಲಿಲ್ಲ. "ಗುಜರಿಗೆ ಹಾಕು. ಒಮ್ಮೆ ನಮ್ಮನ್ನೆಲ್ಲ ನುಂಗಲು ಬಂದಿದ್ದ ಗಾಡಿ ಅದು" ಎಂದಳು. ಅಳಿಯ ನನ್ನ ಮುಖ ನೋಡಿದ. "ಮಾವಾ, ನೀವಾದರೂ ಅವ್ವನಿಗೆ ಹೇಳಿ" ಎಂದ. ನಾನು ಹೇಳಲಿಲ್ಲ. ಹೇಳುವ ಅರ್ಹತೆ ನನಗಿರಲಿಲ್ಲ. ಅದಕ್ಕೆ ಬದಲಾಗಿ, ಬಿಚ್ಚಿದ ಭಾಗಗಳ ಪಟ್ಟಿ ಬರೆಯುವ ಕೆಲಸವನ್ನು ವಹಿಸಿಕೊಂಡೆ.

ಯಂತ್ರದಲ್ಲಿ ಹಲ್ಲುಚಕ್ರ, ಬೇರಿಂಗುಗಳೇ ಮುಖ್ಯವೆಂದು ನಾನು ತಿಳಿದಿದ್ದೆ. ಅವೆಲ್ಲ ಬಹುಮಟ್ಟಿಗೆ ಚೆನ್ನಾಗಿಯೇ ಇದ್ದವು; ಕೆಟ್ಟಿದ್ದುದು ಬೆರಳಗಲದ ರಬ್ಬರು ಬಳೆಗಳು. ತಿರುಗುವ ದಂಡವೊಂದು ಎಣ್ಣೆ ತುಂಬಿದ ಪೆಟ್ಟಿಗೆಯಿಂದ ಹೊರಬರುವ ಜಾಗದಲ್ಲಿ ಎಣ್ಣೆಯನ್ನು ಒಳಗೂ, ಕೆಸರು ನೀರನ್ನು ಹೊರಗೂ ತಡೆದು ನಿಲ್ಲಿಸುವ ಕಾವಲುಗಾರನೇ ಆಯಿಲ್ ಸೀಲ್. ಅದರ ತೆಳುವಾದ ತುಟಿ ಸಣ್ಣ ಸ್ಪ್ರಿಂಗಿನ ಬಿಗಿಯಲ್ಲಿ ದಂಡವನ್ನು ಅಪ್ಪಿಕೊಂಡಿರುತ್ತದೆ. ಸ್ಪ್ರಿಂಗ್ ಇರುವ ಮುಖ ಎಣ್ಣೆಯ ಕಡೆಗಿರಬೇಕು. ತಿರುವುಮುರುವಾದರೆ ಹೊಸ ಸೀಲೂ ಸೋರುತ್ತದೆ. ಸೀಲಿನ ಬೆನ್ನ ಮೇಲೆ ಒಳವ್ಯಾಸ, ಹೊರವ್ಯಾಸ, ದಪ್ಪ ಎಂದು ಮೂರು ಅಳತೆಗಳಿರುತ್ತವೆ. ಅವನ್ನು ಓದದೆ "ಜೀಪಿನ ಸೀಲ್ ಕೊಡಿ" ಎಂದು ಕೇಳುವುದು, ಗ್ರಂಥದ ಹೆಸರು ಹೇಳದೆ "ಒಂದು ಪುಸ್ತಕ ಕೊಡಿ" ಎಂದಂತೆ.

ಈ ಪಟ್ಟಿ ಹಿಡಿದು ಅಳಿಯ ಮತ್ತು ನಾನು ಶಿರಸಿಯ ಒಂದು ಬಿಡಿಭಾಗಗಳ ಅಂಗಡಿಗೆ ಹೋದೆವು. ಗಲ್ಲಾದ ಹಿಂದೆ ಐವತ್ತು ದಾಟಿದ ವ್ಯಕ್ತಿ. ನನ್ನನ್ನು ಕಂಡು ಎದ್ದು, "ಬನ್ನಿ ಶಾಸ್ತ್ರಿಗಳೇ" ಎಂದರು. ಗುರುತು ಹತ್ತಲು ನನಗೆ ಒಂದು ಗಳಿಗೆ ಹಿಡಿಯಿತು. ಹತ್ತಿದ ಕೂಡಲೇ ಕೈಯಲ್ಲಿದ್ದ ಪಟ್ಟಿ ನಡುಗಿತು.

ಓದುಗರೇ, ಇಲ್ಲಿ ಹಿಂದಿನ ಮಾತು ಹೇಳಬೇಕು.

1987ರಲ್ಲಿ ನನಗೆ ಇಪ್ಪತ್ತಾರು ವರ್ಷ. ಪಾಠಶಾಲೆ ಮುಗಿಸಿ ಕೆಲಸ ಅರಸುತ್ತ ಅಕ್ಕನ ಮನೆಯಲ್ಲಿದ್ದೆ. ಒಂದು ಸಂಜೆ ಭಾವನವರು ಅಂಗಡಿಯೊಳಗಿಂದಲೇ, "ಜೀಪಿನ ಬ್ರೇಕ್ ಆಯಿಲ್ ಕಡಿಮೆಯಾಗಿದೆ, ಸ್ವಲ್ಪ ಹಾಕಿಸು" ಎಂದರು. ಅಂಗಡಿಯಲ್ಲಿ ಕೆಲಸಕ್ಕಿದ್ದ ಹದಿನಾರರ ಹುಡುಗ ಅಂದು ಊಟಕ್ಕೆ ಹೋಗಿದ್ದ. ನಾನೇ ಕೊಟ್ಟಿಗೆಗೆ ಹೋಗಿ, ಚಾಲಕನ ಕಾಲಬುಡದ ತಗಡಿನ ಮುಚ್ಚಳ ತೆಗೆದು, ಅಲ್ಲಿದ್ದ ಡಬ್ಬಿಯಿಂದ ಎಂಜಿನ್ ಆಯಿಲ್ ಸುರಿದೆ. ಆಯಿಲ್ ಎಂದರೆ ಎಣ್ಣೆ, ಎಣ್ಣೆ ಇಲ್ಲಿದೆ, ಹಾಕಿದರಾಯಿತು. ನನ್ನ ತರ್ಕ ಇಷ್ಟೇ.

ಶಬ್ದಕ್ಕೆ ಯೌಗಿಕಾರ್ಥ ಬೇರೆ, ರೂಢಾರ್ಥ ಬೇರೆ ಎಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವನು ನಾನು. 'ಬ್ರೇಕ್ ಆಯಿಲ್' ಎಂಬುದು ಕೇವಲ ರೂಢಿಯ ಹೆಸರು. ಅದು ಎಣ್ಣೆಯೇ ಅಲ್ಲ. ಗ್ಲೈಕಾಲ್ ಜಾತಿಯ ಬೇರೆಯೇ ದ್ರವ. ಬ್ರೇಕಿನೊಳಗಿನ ರಬ್ಬರ್ ಕಪ್ಪುಗಳನ್ನು ಆ ದ್ರವಕ್ಕೆ ಹೊಂದುವ ರಬ್ಬರಿನಿಂದ ಮಾಡಿರುತ್ತಾರೆ. ಖನಿಜ ತೈಲ ತಾಗಿದರೆ ಅವು ನೀರಲ್ಲಿ ನೆನೆದ ಕಡಲೆಯಂತೆ ಊದಿಕೊಂಡು ಮೆತ್ತಗಾಗುತ್ತವೆ. ಊದಿದ ಕಪ್ಪು ಮಾಸ್ಟರ್ ಸಿಲಿಂಡರಿನ ಸಣ್ಣ ರಂಧ್ರವನ್ನು ಮುಚ್ಚಿದರೆ, ಕಾಲು ತೆಗೆದರೂ ಬ್ರೇಕ್ ಬಿಡುವುದಿಲ್ಲ, ಡ್ರಮ್ಮುಗಳು ಕಾಯುತ್ತವೆ, ಕೊನೆಗೆ ಕಪ್ಪು ಒತ್ತಡವನ್ನು ತಡೆಯದೆ ಪೆಡಲ್ ನೆಲಕ್ಕಿಳಿಯುತ್ತದೆ. ಹಳೆಯ ಜೀಪಿನಲ್ಲಿ ನಾಲ್ಕು ಚಕ್ರಗಳಿಗೂ ಒಂದೇ ಕೊಳವೆಜಾಲ. ಒಂದು ಕೆಟ್ಟರೆ ಎಲ್ಲವೂ ಕೆಟ್ಟಂತೆ.

ಹದಿನೈದು ದಿನಗಳ ನಂತರ ಕುಮಟೆಯ ಮದುವೆಗೆಂದು ಭಾವ, ಅಕ್ಕ, ಇಬ್ಬರು ಮಕ್ಕಳು ದೇವಿಮನೆ ಘಟ್ಟ ಇಳಿಯುತ್ತಿದ್ದಾಗ ಹಾಗೆಯೇ ಆಯಿತು. ಭಾವನವರು ಕೈಬ್ರೇಕ್ ಎಳೆದರು. ಅದೂ ಹಿಡಿಯಲಿಲ್ಲ. ಈ ಜೀಪಿನ ಕೈಬ್ರೇಕ್ ಚಕ್ರಗಳಲ್ಲಿಲ್ಲ. ಟ್ರಾನ್ಸ್‌ಫರ್ ಪೆಟ್ಟಿಗೆಯ ಹಿಂಬದಿಯ ದಂಡದ ಮೇಲೊಂದು ಡ್ರಮ್ ಇದೆ. ಅದರ ಪಕ್ಕದ ಆಯಿಲ್ ಸೀಲ್ ಸವೆದರೆ ಗೇರ್ ಆಯಿಲ್ ಆ ಡ್ರಮ್ಮಿನೊಳಗೇ ಸೋರಿ ಲೈನಿಂಗ್ ಜಾರುತ್ತದೆ. "ಹನಿ ಹನಿ ಸೋರಿದರೇನು" ಎಂದು ಬಿಟ್ಟಿದ್ದ ಸೀಲ್ ಅದು. ಭಾವನವರು ಗೇರ್ ಇಳಿಸಿ, ಜೀಪನ್ನು ಬೆಟ್ಟದ ಬದಿಯ ಮಣ್ಣಿಗೆ ಒರೆಸಿ ಹೇಗೋ ನಿಲ್ಲಿಸಿದರು. ಇನ್ನೊಂದು ಬದಿಗೆ ಕಣಿವೆ. ಅಕ್ಕನ ಮುಂಗೈ ಮುರಿಯಿತು. ಮಕ್ಕಳಿಗೆ ಏನೂ ಆಗಲಿಲ್ಲ. ಅಂದಿನಿಂದ ಅಕ್ಕ ಆ ಜೀಪು ಹತ್ತಲಿಲ್ಲ.

ಮೇಸ್ತ್ರಿ ಮಾಸ್ಟರ್ ಸಿಲಿಂಡರ್ ಬಿಚ್ಚಿ ಊದಿದ ಕಪ್ಪುಗಳನ್ನು ತೋರಿಸಿ, "ಇದಕ್ಕೆ ಎಂಜಿನ್ ಆಯಿಲ್ ಹಾಕಿದವರು ಯಾರು?" ಎಂದ. ಭಾವನವರ ದೃಷ್ಟಿ ಅಂಗಡಿಯ ಹುಡುಗನ ಮೇಲೆ ಬಿತ್ತು. ಜೀಪು ತೊಳೆಯುವವನು, ಎಣ್ಣೆ ಹಾಕುವವನು ಅವನೇ. "ನಾನಲ್ಲ ಧಣಿ" ಎಂದು ಅವನು ಅತ್ತ. ನಾನು ಅಲ್ಲೇ ನಿಂತಿದ್ದೆ. ಮರುದಿನದಿಂದ ಅವನು ಕೆಲಸಕ್ಕೆ ಬರಲಿಲ್ಲ.

ಆ ಹುಡುಗನೇ ಈಗ ನನ್ನೆದುರಿಗೆ ಕನ್ನಡಕ ಏರಿಸಿ ಪಟ್ಟಿ ಓದುತ್ತಿದ್ದರು. ಭೈರುಂಬೆ ಬಿಟ್ಟ ಮೇಲೆ ಶಿರಸಿಯ ಗ್ಯಾರೇಜೊಂದರಲ್ಲಿ ಕೆಲಸ ಕಲಿತು, ಮುಂದೆ ಸ್ವಂತ ಅಂಗಡಿ ಇಟ್ಟರಂತೆ.

ಅವರು ಸೀಲು ಆರಿಸಿದ ಬಗೆಯನ್ನು ನೋಡಬೇಕಿತ್ತು. ನಾವು ಹೊಸದೆಂದು ಕೈಗೆತ್ತಿಕೊಂಡ ಒಂದನ್ನು ಬಾಗಿಸಿ, ತುಟಿಯ ಸಣ್ಣ ಬಿರುಕುಗಳನ್ನು ತೋರಿಸಿ ಬದಿಗಿಟ್ಟರು. "ರಬ್ಬರಿಗೂ ಆಯುಷ್ಯ ಉಂಟು. ಹತ್ತಿಪ್ಪತ್ತು ವರ್ಷ ಕಪಾಟಿನಲ್ಲಿದ್ದದ್ದು ಹೊಸದಲ್ಲ" ಎಂದರು. ಗೇರ್ ಪೆಟ್ಟಿಗೆ, ಆಕ್ಸಲ್‌ಗಳಿಗೆ ನೈಟ್ರೈಲ್ ರಬ್ಬರು ಸಾಕು. ಅದು ತೈಲವನ್ನು ಚೆನ್ನಾಗಿ ತಾಳುತ್ತದೆ. ಬಹಳ ಕಾಯುವ ಜಾಗಕ್ಕೆ ವಿಟಾನ್ ಮೇಲು, ಬೆಲೆ ಹೆಚ್ಚು. ಆದರೆ ತೈಲದಲ್ಲಿ ಬಾಳುವ ನೈಟ್ರೈಲ್ ಬ್ರೇಕ್ ದ್ರವದಲ್ಲಿ ಬಾಳದು; ಬ್ರೇಕ್ ದ್ರವದಲ್ಲಿ ಬಾಳುವ ರಬ್ಬರು ತೈಲದಲ್ಲಿ ಬಾಳದು. ಕಣ್ಣಿಗೆ ಎರಡೂ ಕರಿ ಬಳೆಗಳೇ. ಆದ್ದರಿಂದ ಬ್ರೇಕಿನ ಭಾಗಗಳನ್ನು ಪೆಟ್ರೋಲ್, ಸೀಮೆಎಣ್ಣೆಗಳಿಂದ ತೊಳೆಯಬಾರದು. ಬ್ರೇಕ್ ದ್ರವದಿಂದಲೇ ತೊಳೆಯಬೇಕು.

ಆಮೇಲೆ ನಾವು ತಂದಿದ್ದ ದಂಡದ ತುದಿಯ ಮೇಲೆ ಉಗುರಾಡಿಸಿ ನಿಂತರು. ಹಳೆಯ ಸೀಲಿನ ತುಟಿ ಉಜ್ಜಿ ಉಜ್ಜಿ ಉಕ್ಕಿನ ಮೇಲೆ ಗೆರೆ ಬಿದ್ದಿತ್ತು. "ಈ ಗೆರೆಯ ಮೇಲೆ ಎಂಥ ಸೀಲ್ ಹಾಕಿದರೂ ಸೋರುತ್ತದೆ. ತೆಳು ಉಕ್ಕಿನ ತೋಳು ತೊಡಿಸಬೇಕು, ಇಲ್ಲವೇ ದಂಡ ಬದಲಿಸಬೇಕು" ಎಂದರು. ಮೆತ್ತನೆಯ ರಬ್ಬರು ಉಕ್ಕನ್ನು ಸವೆಸುವುದೆಂದು ಅಂದೇ ನಾನು ಅರಿತದ್ದು. ಅದು ಕೈಬ್ರೇಕಿನ ಪಕ್ಕದ ದಂಡವೇ ಆಗಿತ್ತು.

ಅಲ್ಲಿಗೆ ನನ್ನ ಮೌನ ಕಟ್ಟೊಡೆಯಿತು. ಅಳಿಯನ ಎದುರೇ ಹೇಳಿದೆ: "ಅಂದು ಎಣ್ಣೆ ಹಾಕಿದವನು ನಾನು. ತಿಳಿದೂ ಸುಮ್ಮನಿದ್ದೆ."

ಅವರು ಬಹಳ ಹೊತ್ತು ಮಾತಾಡಲಿಲ್ಲ. ಸೀಲನ್ನು ಕಾಗದದಲ್ಲಿ ಸುತ್ತುತ್ತ, "ನಾನು ಹಾಕಿಲ್ಲ ಅನ್ನೋದು ನನಗೆ ಅವತ್ತೇ ಗೊತ್ತಿತ್ತಲ್ಲ ಶಾಸ್ತ್ರಿಗಳೇ. ನನ್ನ ಅವ್ವನಿಗೆ ಗೊತ್ತಿರಲಿಲ್ಲ. ಮಗ ತಪ್ಪು ಮಾಡಿ ಅನ್ನ ಕಳಕೊಂಡ ಅಂತಲೇ ತಿಳಿದು ಹೋದಳು" ಎಂದರು. ಕ್ಷಮಿಸಿದೆ ಎನ್ನಲಿಲ್ಲ, ನಾನೂ ಕೇಳಲಿಲ್ಲ. ಕೇಳಬೇಕಾದ ತಾಯಿಯೇ ಇರಲಿಲ್ಲ. ಬಿಲ್ಲು ಬರೆದರು, ಹಣ ಎಣಿಸಿಕೊಂಡರು. ಹೊರಡುವಾಗ ಅಳಿಯನನ್ನು ಕರೆದು, "ಸೀಲ್ ಕೂರಿಸುವ ಮೊದಲು ತುಟಿಗೆ ಗ್ರೀಸ್ ಸವರು. ಸುತ್ತಿಗೆ ನೇರ ಹೊಡೆಯಬೇಡ, ಚಪ್ಪಟೆ ಮರ ಇಟ್ಟು ಸುತ್ತಲೂ ಸಮನಾಗಿ ತಟ್ಟು" ಎಂದು ಹೇಳಿಕೊಟ್ಟರು.

ಅವರು ಹೇಳಿದ ಇನ್ನೂ ಕೆಲವು ಮಾತುಗಳನ್ನು, ಮನೆಯಲ್ಲಿ ಹಳೆಯ ವಾಹನ ಇಟ್ಟುಕೊಂಡವರಿಗೆ ಉಪಯೋಗವಾದೀತೆಂದು ಬರೆಯುತ್ತೇನೆ. ಆಕ್ಸಲ್ಲಿನ ಮೇಲೆ ಉಸಿರು ಬಿಡುವ ಸಣ್ಣ ರಂಧ್ರವೊಂದಿದೆ. ನಮ್ಮ ಕಡೆಯ ಕೆಸರಿನಲ್ಲಿ ಅದು ಕಟ್ಟಿದರೆ, ಒಳಗಿನ ಬಿಸಿಗಾಳಿ ಹೊಸ ಸೀಲನ್ನೂ ದಾಟಿ ಎಣ್ಣೆಯನ್ನು ಹೊರದೂಡುತ್ತದೆ. ಮೊದಲು ಅದನ್ನು ಚೊಕ್ಕ ಮಾಡಬೇಕು. ಪ್ಯಾಕಿಂಗಿಗೆ ಸಿಲಿಕೋನ್ ಅಂಟನ್ನು ಧಾರಾಳವಾಗಿ ಬಳಿದರೆ, ಒಳಗೆ ಉಬ್ಬಿದ ಚೂರು ಕಳಚಿ ಎಣ್ಣೆಯ ಜಾಲರಿಯನ್ನು ಮುಚ್ಚೀತು. ಗೇರ್ ಆಯಿಲಿನಲ್ಲೂ ಭೇದವಿದೆ: ಆಕ್ಸಲ್ಲಿಗೆ ಜಿಎಲ್-5 ಯೋಗ್ಯ, ಹಿತ್ತಾಳೆಯ ಬಳೆಗಳಿರುವ ಹಳೆಯ ಗೇರ್ ಪೆಟ್ಟಿಗೆಗೆ ಜಿಎಲ್-4 ಕ್ಷೇಮ. ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಡಾಟ್-3 ದ್ರವ ಹೊಸದಿದ್ದಾಗ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಕುಡಿದ ಮೇಲೆ ಆ ಕನಿಷ್ಠ ಮಟ್ಟ 140ಕ್ಕೆ ಇಳಿಯುತ್ತದೆ. ಕುದಿದು ಆವಿಯಾದರೆ ಘಟ್ಟದಲ್ಲಿ ಪೆಡಲ್ ಹೂತುಹೋಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಮುಚ್ಚಳ ತೆರೆದಿಟ್ಟ ಡಬ್ಬಿಯನ್ನು ಮತ್ತೆ ಬಳಸಲೇಬಾರದು. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇರುವುದರಿಂದ ಪೆಟ್ರೋಲ್ ಪಂಪಿನ ಹಳೆಯ ಪೊರೆ, ರಬ್ಬರ್ ಕೊಳವೆಗಳನ್ನು ಅದನ್ನು ತಾಳುವಂಥವಕ್ಕೆ ಬದಲಿಸಬೇಕು. ಹಳೆಯ ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು ಇರಬಹುದು. ಅದರ ಧೂಳನ್ನು ಊದಬಾರದು, ಉಸಿರಿಗೆ ತೆಗೆದುಕೊಳ್ಳಬಾರದು. ಒದ್ದೆ ಬಟ್ಟೆಯಿಂದ ಒರೆಸಬೇಕು.

ಅಂದು ರಾತ್ರಿ ಅಕ್ಕನಿಗೂ ಎಲ್ಲವನ್ನೂ ಹೇಳಿದೆ. ಮುರಿದು ಕೂಡಿದ ಮುಂಗೈಯನ್ನು ಇನ್ನೊಂದು ಕೈಯಿಂದ ಸವರುತ್ತ ಕೇಳಿದಳು. "ಅವರು ಹೋಗುವ ತನಕ ಆ ಹುಡುಗನನ್ನೇ ಬೈಯುತ್ತಿದ್ದರಲ್ಲೋ ತಮ್ಮಾ" ಎಂದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಎರಡು ದಿನ ನನ್ನೊಡನೆ ಮಾತೂ ಆಡಲಿಲ್ಲ. ಮೂರನೆಯ ದಿನ, "ಜೀಪು ಮುಗಿದ ದಿನ ಅವನನ್ನು ಮನೆಯವರ ಸಮೇತ ಪ್ರಸಾದಕ್ಕೆ ಕರೆ. ನಾನೇ ಬಡಿಸುತ್ತೇನೆ" ಎಂದಳು. ಗುಜರಿಯ ಮಾತು ಅಲ್ಲಿಗೆ ನಿಂತಿತು.

ದೀಪಾವಳಿ ಕಳೆದ ಮೇಲೆ ಅವರು ಪತ್ನಿಯೊಡನೆ ಭೈರುಂಬೆಗೆ ಬಂದರು. ಮೂವತ್ತೆಂಟು ವರ್ಷಗಳ ನಂತರ ಆ ಅಂಗಳಕ್ಕೆ ಕಾಲಿಟ್ಟವರು ಮೊದಲು ಹೋದದ್ದು ಕೊಟ್ಟಿಗೆಗೆ. ಜೀಪಿನ ಕೆಳಗೊಂದು ರಟ್ಟು ಹಾಸಿ, "ಊಟ ಆಗಲಿ, ಆಮೇಲೆ ನೋಡೋಣ" ಎಂದರು. ಊಟದ ಪಂಕ್ತಿಯಲ್ಲಿ ಅಕ್ಕ ಎಲ್ಲರೆದುರು, "ನಮ್ಮ ಮನೆಯಿಂದ ನಿನಗೆ ಅನ್ಯಾಯವಾಯಿತಪ್ಪ" ಎಂದಳು. ಅವರು ತಲೆ ತಗ್ಗಿಸಿ, "ಹೋಳಿಗೆ ಚೆನ್ನಾಗಿದೆ ಅಮ್ಮಾ" ಎಂದಷ್ಟೇ ನುಡಿದರು. ಎದ್ದು ಕೈ ತೊಳೆದ ಮೇಲೆ ರಟ್ಟನ್ನು ಹೊರಗೆಳೆದು ಬೆಳಕಿಗೆ ಹಿಡಿದರು. ಒಣಗಿಯೇ ಇತ್ತು.

ಅಕ್ಕ ಇನ್ನೂ ಆ ಜೀಪು ಹತ್ತಿಲ್ಲ. ಹತ್ತೆಂದು ನಾವು ಒತ್ತಾಯಿಸಿಯೂ ಇಲ್ಲ. ಕೊಟ್ಟಿಗೆಯ ಕಪಾಟಿನಲ್ಲಿ ಈಗ ಪ್ರತಿಯೊಂದು ಡಬ್ಬಿಗೂ ನನ್ನ ಕೈಬರಹದ ಚೀಟಿ ಅಂಟಿದೆ. ಅವುಗಳಲ್ಲೊಂದರ ಮೇಲೆ ದಪ್ಪಕ್ಷರದಲ್ಲಿ ಹೀಗೆ ಬರೆದಿದ್ದೇನೆ: "ಬ್ರೇಕ್ ದ್ರವ. ಇದು ಎಣ್ಣೆಯಲ್ಲ. ತಿಳಿಯದಿದ್ದರೆ ಕೇಳಿ ಹಾಕುವುದು. ತಪ್ಪಿ ಹಾಕಿದರೆ ಕೂಡಲೇ ಹೇಳುವುದು."